ಬಕೂಲಿ ಎರಡು ಸಲ ಕೂಗಿದ ಹೆಸರು

ನಮ್ಮ ಅಂಬಾಲವಾತುವಿನಲ್ಲಿ ನಾಲ್ಕು ಜನರ ಮುಂದೆ ಮಾತಿಗೆ ನಿಂತವರು ಮೊದಲು ಕ್ಷಮೆ ಕೇಳಬೇಕು. ನಾನು ಚಿಕ್ಕವಳು, ಇಲ್ಲಿ ಹಿರಿಯರಿದ್ದಾರೆ, ತಪ್ಪು ನನ್ನ ಮೇಲೆ ಬರದಿರಲಿ, ನಿಮ್ಮ ಮೇಲೂ ಬರದಿರಲಿ ಎಂದು ಸುತ್ತಿ ಬಳಸಿ ಹೇಳಿ ಆಮೇಲೆ ವಿಷಯಕ್ಕೆ ಬರಬೇಕು. ಊರ ಮಾತುಗಾರ ರಮಾಸಿಯಂತೂ ಕ್ಷಮೆ ಕೇಳುವುದರಲ್ಲೇ ಅರ್ಧ ಊರನ್ನು ತೂಕಡಿಸುವಂತೆ ಮಾಡುತ್ತಾನೆ. ನಾನು ಆ ಭಾಗವನ್ನು ಈಗ ಬಿಡುತ್ತೇನೆ. ಅದು ಕೊನೆಯಲ್ಲಿ ಬೇಕಾಗುತ್ತದೆ.

ಬಕೂಲಿ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪಕ್ಕದ ಮನೆ, ಇಬ್ಬರಿಗೂ ಒಂದೇ ಮಗ್ಗದ ಚಪ್ಪರ. ಮೂವತ್ತೊಂದು ವರ್ಷ ನಾವಿಬ್ಬರೂ ಆ ಚಪ್ಪರದಡಿ ಎದುರುಬದುರು ಕೂತು ಊರಿನ ಸತ್ತವರಿಗೆ ರೇಷ್ಮೆ ನೇಯ್ದೆವು. ಹೆಣಕ್ಕೆ ಸುತ್ತುವ ಆ ರೇಷ್ಮೆ ಯಾವ ಬಣ್ಣದ್ದಾದರೂ ನಾವು ಕೆಂಪು ಬಟ್ಟೆ ಎಂದೇ ಕರೆಯುತ್ತೇವೆ. ಮೂರು ಪಟ್ಟಿ ನೇಯ್ದು ಸೇರಿಸಿ ಹೊಲಿದರೆ ಒಂದು ಬಟ್ಟೆ. ಎರಡು ಪಟ್ಟಿ ಅವಳದ್ದು, ಒಂದು ನನ್ನದು. ಅವಳ ಪಟ್ಟಿಯ ಅಂಚು ಗೆರೆ ಎಳೆದ ಹಾಗೆ ಇರುತ್ತಿತ್ತು. ನನ್ನದನ್ನು ಯಾವಾಗಲೂ ನಡುವೆ ಹಾಕುತ್ತಿದ್ದಳು, ಅಂಚು ಕಾಣಬಾರದೆಂದು.

ಉದ್ದನೆಯ ಹೆಂಗಸು. ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ಗೂಡು ಬೇಯಿಸಿದ ದಿನ ಒಳಗಿನ ಹುಳುಗಳನ್ನು ಉಪ್ಪು ಹಾಕಿ ಹುರಿದು ಮಡಿಲಲ್ಲಿಟ್ಟುಕೊಂಡು, ನೇಯುತ್ತಲೇ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗಂಡ ಸತ್ತ ಮೇಲೆ ಅಪ್ಪನ ಮನೆಗೆ ಮರಳಿ ಬಂದವಳು, ಬಂದ ದಿನದಿಂದಲೇ ಆ ಮನೆಯ ಯಜಮಾನಿ. ಸಂತೆಯಲ್ಲಿ ಯಾರಾದರೂ ಎದುರಾದರೆ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುವುದು ಅವಳ ಅಭ್ಯಾಸ. "ಬಕೂಲಿ ಬರ್ತಾ ಇದ್ದಾಳೆ, ಸ್ವಲ್ಪ ಬಗ್ಗಿ ನಡೀರಪ್ಪ, ಅಳತೆ ತಗೊಂಡುಬಿಡ್ತಾಳೆ" ಎಂದು ರಮಾಸಿ ಹೇಳುತ್ತಿದ್ದ. "ನಿನ್ನ ಅಳತೆ ಯಾವಾಗಲೋ ಆಗಿದೆ, ನಾಲಿಗೆಗೇ ಎರಡು ಮೊಳ ಬೇಕು" ಎಂದು ಅವಳು ತಿರುಗಿಸಿ ಹೇಳುತ್ತಿದ್ದಳು.

ಅವಳ ತಮ್ಮ ಸುಲುಫು. ಬಾಯಿಲ್ಲದವನು, ಅಕ್ಕ ಹೇಳಿದ್ದೇ ಅವನಿಗೆ ಮಾತು. ಅವನ ಹೆಂಡತಿ ಸಾಹುಲಿ ಪಶ್ಚಿಮದ ಕಾಡುರೇಷ್ಮೆಯ ಸೀಮೆಯವಳು, ಮೂರು ದಿನದ ದಾರಿ. ಪ್ರತಿ ವರ್ಷ ಅವಳ ತವರಿನಿಂದ ಒಂದು ಚೀಲ ಗೂಡು ಬರುತ್ತಿತ್ತು. ಮನೆಗೆಲಸ ಮುಗಿಸಿ ಬಂದು ಚಪ್ಪರದ ಮೂಲೆಯಲ್ಲಿ ಕೂತು, ಗೂಡುಗಳನ್ನು ಬೆರಳಿಗೆ ತೊಡಿಸಿಕೊಂಡು, ತೊಡೆಯ ಮೇಲೆ ದಾರ ಹೊಸೆಯುತ್ತಿದ್ದಳು. ದಾರ ಹರಿದಾಗ ಒಂದು ಗಂಟು ಹಾಕಿದರೆ ಸಾಕು, ಇವಳು ಎರಡು ಹಾಕುತ್ತಿದ್ದಳು. ಬಕೂಲಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಇದೇನು ದಾರಾನೋ, ಜಪಸರಾನೋ?"

"ಬಿಚ್ಚಿಹೋಗಬಾರದಲ್ಲ ಅತ್ತಿಗೆ" ಎಂದು ಸಾಹುಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಮಕ್ಕಳಾಗಲಿಲ್ಲ. ಒಮ್ಮೆ ಬಕೂಲಿ, ನಾನು ಕೂತಿದ್ದ ಹಾಗೆಯೇ, "ಇಷ್ಟು ವರ್ಷ ಗೂಡು ಬಿಡಿಸಿದೆ, ನಿನ್ನ ಹೊಟ್ಟೆಯಿಂದ ಒಂದು ಹುಳಾನೂ ಆಚೆ ಬರಲಿಲ್ಲವಲ್ಲೇ" ಎಂದಳು. ನಾನು ನಕ್ಕೆ. ಬಕೂಲಿ ಗೂಡಿನ ನೀರು ಚೆಲ್ಲಲು ಎದ್ದುಹೋದ ಮೇಲೆ ಸಾಹುಲಿ ನನ್ನ ಕಡೆ ನೋಡದೆ ಹೇಳಿದಳು: "ಹುಳ ಬರದಿದ್ರೆ ಬೇಡ ಬಿಡಕ್ಕ. ಬಟ್ಟೆಯಂತೂ ಆಗುತ್ತೆ. ನಂದೇ ದಾರದ್ದು ಸುತ್ಕೊಂಡು ಗೋರಿ ಒಳಗೆ ಎಲ್ಲರ ಜೊತೆ ಮಲಗಿಬಿಟ್ರೆ ಸಾಕು. ಅಲ್ಲಿ ಯಾರೂ ಮಕ್ಕಳೆಷ್ಟು ಅಂತ ಕೇಳಲ್ಲ."

ಒಂಬತ್ತು ವರ್ಷ ನೂತಳು. ಆ ದಾರವನ್ನು ಬಕೂಲಿಯೂ ನಾನೂ ನೇಯ್ದು ಕೊಟ್ಟೆವು, ಎರಡು ಪಟ್ಟಿ ಬಕೂಲಿಯದ್ದು, ಒಂದು ನನ್ನದು. ಬಟ್ಟೆ ಮಡಿಸಿ ಬುಟ್ಟಿಗೆ ಹಾಕಿದ ಮರುವರ್ಷ, ಮಳೆಗಾಲದ ಕೊನೆಗೆ, ಸಾಹುಲಿ ಐದು ದಿನ ಜ್ವರ ಬಂದು ಸತ್ತಳು.

ಅವಳ ತವರಿನವರು ಬರಬೇಕಿತ್ತು. ಹೆಣವನ್ನು ಒಳಮನೆಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದೆವು. ಎರಡನೆಯ ದಿನ ಬಕೂಲಿಯ ಅಪ್ಪ ರೈನಿಮಾರು ಎಂದಿನಂತೆ ಕಲ್ಲುಗೋಡೆಗೆ ಒರಗಿ ಬಿಸಿಲು ಕಾಯಿಸುತ್ತಾ ಕೂತವರು ಮತ್ತೆ ಏಳಲಿಲ್ಲ. ಎಂಬತ್ತು ದಾಟಿದ ಮುದುಕರು, ಊರಿಗೇ ಹಿರಿಯರು. ಅವರಿಗೊಂದು ಬಟ್ಟೆ ನೇಯ್ದಿಡೋಣ ಎಂದರೆ ಕೋಲು ಎಸೆಯುತ್ತಿದ್ದರು. "ನಾನು ಕಣ್ಣು ಮುಚ್ಚೋದನ್ನೇ ಕಾಯ್ತಾ ಕೂತಿದ್ದೀರೇನ್ರೇ" ಎಂಬ ಒಂದೇ ಮಾತು. ಹಾಗಾಗಿ ಊರಿಗೆಲ್ಲ ಕೆಂಪು ಬಟ್ಟೆ ನೇಯ್ದ ಬಕೂಲಿಯ ಮನೆಯಲ್ಲಿ ಅವಳ ಅಪ್ಪನಿಗೇ ಬಟ್ಟೆ ಇರಲಿಲ್ಲ. ಅವಳ ಸ್ವಂತದ್ದು ಮಗ್ಗದ ಮೇಲೆ ಒಂದು ಗೇಣು ಆಗಿತ್ತು, ಅಷ್ಟೆ. ರೇಷ್ಮೆ ಇಲ್ಲದೆ, ಮನೆತನದವರೆಲ್ಲ ಒಟ್ಟಿಗೆ ಮಲಗುವ ಕಲ್ಲಿನ ಗೋರಿಯೊಳಗೆ ಯಾರನ್ನೂ ಇಡುವಂತಿಲ್ಲ.

"ಮನೇಲಿ ಸಿದ್ಧವಾಗಿರೋದು ಒಂದಿದೆಯಲ್ಲ" ಎಂದು ಚಪ್ಪರದಲ್ಲಿ ಯಾರೋ ಅಂದರು.

ಬಕೂಲಿ ಅಟ್ಟ ಹತ್ತಿ ಬುಟ್ಟಿ ಇಳಿಸಿದಳು. ಸಾಹುಲಿಯ ಬಟ್ಟೆಯನ್ನು ರೈನಿಮಾರುವಿಗೆ ಸುತ್ತಿ ಗೋರಿಯೊಳಗೆ ಮಲಗಿಸಿದೆವು. ಸಾಹುಲಿಯನ್ನು ಹತ್ತಿಬಟ್ಟೆ ಮತ್ತು ಚಾಪೆಯಲ್ಲಿ ಸುತ್ತಿ, ಗೋರಿಯ ಹೊರಗೆ, ಇಳಿಜಾರಿನಲ್ಲಿ ಮಣ್ಣು ಮಾಡಿದೆವು. ಅವಳ ಅಣ್ಣ ಬಂದು ಕೇಳಿದ್ದು ಒಂದೇ ಮಾತು: "ನಮ್ಮ ಹುಡುಗಿ ನೂತ ಬಟ್ಟೆ ಎಲ್ಲಿ?"

"ಬರೋ ಚಳಿಗಾಲಕ್ಕೆ ಹೊಸದು ಸುತ್ತಿ ಒಳಗಿಡ್ತೀನಿ. ನನ್ನ ಕೈಯಾಣೆ" ಎಂದಳು ಬಕೂಲಿ. ಅವನು ಊಟ ಮಾಡದೆ ಹೊರಟುಹೋದ. ಆಮೇಲೆ ಪಶ್ಚಿಮದಿಂದ ಗೂಡಿನ ಚೀಲ ಬರಲಿಲ್ಲ.

ಮಣ್ಣು ಮಾಡಿದವರನ್ನು ಎತ್ತಿ ಗೋರಿಗೆ ಸೇರಿಸುವುದು ನಮ್ಮಲ್ಲಿ ಚಳಿಗಾಲದಲ್ಲಿ. ಮೊದಲ ಚಳಿಗಾಲದಲ್ಲಿ ಗೂಡು ಸಿಗಲಿಲ್ಲ. ಎರಡನೆಯದರಲ್ಲಿ ರಮಾಸಿಯ ತಾಯಿ ಸತ್ತಳು, ಇದ್ದ ದಾರ ಅಲ್ಲಿಗೆ ಹೋಯಿತು. ಮೂರನೆಯದರಲ್ಲಿ ನನ್ನ ಮಗಳ ಮದುವೆ. ಆಮೇಲೆ ಹುಳಕ್ಕೆ ರೋಗ. ಅದರಾಚೆಯ ವರ್ಷಗಳಿಗೂ ಒಂದೊಂದು ಕಾರಣ ಇತ್ತು, ಒಂದೂ ಸುಳ್ಳಲ್ಲ. ಆದರೆ ಅಷ್ಟರಲ್ಲಿ ಬಕೂಲಿಯ ಸ್ವಂತ ಬಟ್ಟೆ ಮಾತ್ರ ಗೇಣಿನಿಂದ ಬೆಳೆದು ಮುಗಿದು ಬುಟ್ಟಿ ಸೇರಿತು. ನಾನದನ್ನು ನೋಡಿದೆ, ಏನೂ ಅನ್ನಲಿಲ್ಲ. ಅದರ ನಡುವಿನ ಪಟ್ಟಿ ನನ್ನದೇ.

ಏಳನೆಯ ವರ್ಷ, ಸೆಕೆ ಶುರುವಾಗುವ ಹೊತ್ತಿಗೆ, ಕಾಡಿನ ಕಡೆಯಿಂದ ಹಾವು ಬಂತು.

ಸತ್ತವರು ಕೆಲವು ವರ್ಷಕ್ಕೆ ಹಾವಾಗಿ ಊರು ನೋಡಲು ಬರುವುದು ನಮ್ಮಲ್ಲಿ ಹೊಸತಲ್ಲ. ಬಂದವರನ್ನು ಫನಾನಿ ಎನ್ನುತ್ತೇವೆ. ಹಸಿರು ಮೈ, ಬೆನ್ನಿನುದ್ದಕ್ಕೂ ಬಿಳಿ ಮಚ್ಚೆ, ನನ್ನ ತೋಳಿಗಿಂತ ದಪ್ಪ. ಈ ಹೆಬ್ಬಾವಿಗೆ ವಿಷವಿಲ್ಲ. ಬಾಯಲ್ಲಿ ಹಲ್ಲಿವೆ, ಆದರೆ ಮೈದಡವಿದರೆ ಸುಮ್ಮನಿರುತ್ತದೆ. ಅದು ಬಂದು ಸುರುಳಿ ಸುತ್ತಿ ಕೂತದ್ದು ಬೇರೆಲ್ಲೂ ಅಲ್ಲ, ನಮ್ಮ ಮಗ್ಗದ ಚಪ್ಪರದ ಮೂಲೆಯಲ್ಲಿ, ಸಾಹುಲಿ ದಾರ ಹೊಸೆಯುತ್ತಿದ್ದ ಜಾಗದಲ್ಲಿ. ನಾನು ಬಕೂಲಿಯ ಮುಖ ನೋಡಿದೆ. ಅವಳು ಹಾವನ್ನು ನೋಡುತ್ತಿದ್ದಳು.

ಊರೆಲ್ಲ ಸೇರಿತು. ಎದುರಿಗೆ ರೇಷ್ಮೆ ಹಾಸಬೇಕು, ಮನೆಯ ಹಿರಿಯ ಹೆಣ್ಣು ಸತ್ತವರ ಹೆಸರು ಒಂದೊಂದಾಗಿ ಕೂಗಬೇಕು. ಯಾವ ಹೆಸರಿಗೆ ಅದು ತಲೆಯೆತ್ತಿ ಬಟ್ಟೆಯ ಮೇಲೆ ಬರುತ್ತದೋ ಅವರೇ ಅದು. ಬಟ್ಟೆಯ ಒಂದು ತುದಿ ಬಕೂಲಿ ಹಿಡಿದಿದ್ದಳು, ಇನ್ನೊಂದು ನಾನು. ಅದು ರೈನಿಮಾರು ಅಜ್ಜನೇ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿದ್ದರು. ಹಿರಿಯರು ಬಂದದ್ದಕ್ಕೆ ಕಡಿದು ಊರಿಗೆಲ್ಲ ಉಣಿಸುವ ಹೋರಿಗೆ ಗಂಡಸರು ಹಗ್ಗವನ್ನೂ ಹಾಕಿಯಾಗಿತ್ತು.

ಬಕೂಲಿ ಅಪ್ಪನ ಹೆಸರು ಕೂಗಿದಳು. ಹಾವು ಕಲ್ಲಿನ ಹಾಗೆ ಬಿದ್ದಿತ್ತು. ಅಮ್ಮನ ಹೆಸರು, ಚಿಕ್ಕಪ್ಪಂದಿರ ಹೆಸರು, ಎಳವೆಯಲ್ಲೇ ಹೋದ ಇನ್ನೊಬ್ಬ ತಮ್ಮನ ಹೆಸರು. ಏನೂ ಇಲ್ಲ. ಉಳಿದದ್ದು ಒಂದು. ಅದನ್ನು ಅವಳು ಕೂಗಲಿಲ್ಲ, ಎಂಜಲು ನುಂಗುವ ಹಾಗೆ ಹೇಳಿದಳು: "ಸಾಹುಲಿ."

ಹಾವು ತಲೆಯೆತ್ತಿತು. ನಾಲಿಗೆ ಚಾಚಿತು. ಸುರುಳಿ ಬಿಚ್ಚಿ ಹೊರಟಿತು. ಅದರ ಗದ್ದ ಬಟ್ಟೆಯ ಅಂಚು ಮುಟ್ಟುವಷ್ಟರಲ್ಲಿ ಬಕೂಲಿ ಗಂಟಲು ಹರಿಯುವ ಹಾಗೆ ಎರಡನೆಯ ಸಲ ಕೂಗಿದಳು: "ರೈನಿಮಾರು."

ಜನ ಹೋ ಎಂದರು. ರಮಾಸಿ ಕ್ಷಮೆ ಕೇಳುವ ಭಾಷಣ ಶುರು ಮಾಡಿದ. ಬಟ್ಟೆಯಾಚೆಯಿಂದ ಬಕೂಲಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯಬಹುದಿತ್ತು. ಸಾಹುಲಿ ಎಂದು ಒಪ್ಪಿದರೆ ಅವಳಿಗೇನು ಕಡಿಮೆಯಾಗಿದೆ, ಯಾಕೆ ಅಲೆಯುತ್ತಿದ್ದಾಳೆ ಎಂದು ಊರೇ ಕೇಳುತ್ತಿತ್ತು, ಬಟ್ಟೆಯ ಸಂಗತಿ ಬಯಲಿಗೆ ಬರುತ್ತಿತ್ತು. ಬಂಜೆ ಸೊಸೆಗಾಗಿ ಹೋರಿ ಕಡಿಯುತ್ತಿರಲೂ ಇಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಹೋರಿಯ ಡುಬ್ಬದ ಕೊಬ್ಬೂ ಇತ್ತು. ಅನ್ನದ ಮೇಲೆ ಅದು ಕರಗುವ ರೀತಿ ನಿಮಗೆ ಗೊತ್ತಿದ್ದರೆ ನನ್ನನ್ನು ಸ್ವಲ್ಪವಾದರೂ ಅರ್ಥ ಮಾಡಿಕೊಳ್ಳುತ್ತೀರಿ. ಸುಮ್ಮನಿದ್ದೆ, ಎರಡು ಸಲ ಬಡಿಸಿಕೊಂಡು ಉಂಡೆ.

ಹಾವನ್ನು ರೇಷ್ಮೆಯಲ್ಲೇ ಹೊತ್ತುಕೊಂಡು ಹೋಗಿ ಗೋರಿಯ ಕಲ್ಲುಗೋಡೆಯ ಪೊಟರೆಗೆ ಬಿಟ್ಟೆವು. ಅದು ಅಲ್ಲೇ ನೆಲೆನಿಂತಿತು. ದಿನ ಕಳೆದಂತೆ ಅದರ ಹಸಿರು ಮಾಸಿ ಮೈ ಕಪ್ಪಾಗುತ್ತಾ ಬಂತು.

"ನೋಡ್ರೋ, ಅಜ್ಜನ ಬಣ್ಣಾನೇ ಬಂತು. ಬೇರೆ ಸಾಕ್ಷಿ ಬೇಕಾ?" ಎಂದ ರಮಾಸಿ. ರೈನಿಮಾರು ಕಪ್ಪಗಿದ್ದದ್ದು ನಿಜ. ಹಾವು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತಿತ್ತು. "ಅಜ್ಜಾನೂ ಹೀಗೇ ಕೂರ್ತಿದ್ದ, ಇಂಥದ್ದೇ ಗೋಡೆಗೆ ಒರಗ್ಕೊಂಡು." ಇಲಿ ಹಿಡಿದು ತಂದು ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ. "ಅಜ್ಜನ ನಾಲಿಗೆ ಕಷ್ಟ ಸ್ವಾಮಿ, ಸೊಸೆ ಅಡುಗೇನೇ ಎಷ್ಟು ಸಲ ಆಚೆ ಚೆಲ್ಲಿದಾನೆ." ಮೈ ದಪ್ಪವಾಗುತ್ತಾ ಬಂತು. ಅದಕ್ಕೂ ರಮಾಸಿಯ ಬಳಿ ಉತ್ತರವಿತ್ತು: ನಾವು ಕೊಡುವ ಮರ್ಯಾದೆಗೆ ಅಜ್ಜ ಉಬ್ಬಿದ್ದಾನೆ.

ಬಕೂಲಿ ದಿನಾ ಜೇನು ಒಯ್ದು ಕಲ್ಲಿನ ಮೇಲೆ ಇಡುತ್ತಿದ್ದಳು. ನೇಯುವಾಗ ಈಗ ದಾರ ತಪ್ಪುತ್ತಿತ್ತು. ಕಣ್ಣಿಗೆ ಪೊರೆ ಬರುತ್ತಿದೆ ಎಂದಳು. ಹುರಿದ ಹುಳು ತಿನ್ನುವುದನ್ನು ಬಿಟ್ಟಳು. ನಾನು ಕಾರಣ ಕೇಳಲಿಲ್ಲ.

ಫೆಬ್ರುವರಿಯಲ್ಲಿ, ನಮ್ಮ ಮಳೆಗಾಲದ ನಡುವೆ, ಮೂರು ದಿನದ ಮಳೆ ಬಿಟ್ಟ ಬೆಳಗ್ಗೆ, ನಾನೂ ಅವಳ ಜೊತೆ ಹೋದೆ. ಗೋರಿಯ ಗೋಡೆಯ ಬಳಿ ಬಕೂಲಿ ತಟ್ಟನೆ ನಿಂತಳು.

"ಕೆತಕ, ಅಲ್ಲಿ ಯಾರೋ ಕೆಂಪು ದಾರದ ಲಡಿ ಬಿಸಾಕಿದಾರೆ ನೋಡು."

ನನ್ನ ಕಣ್ಣು ಚೆನ್ನಾಗಿತ್ತು. ಅವು ಲಡಿಗಳಲ್ಲ. ಮರಿಗಳು. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಮರಿಗಳು ಹುಟ್ಟುವಾಗ ಅಚ್ಚ ಕೆಂಪು. ಗೇಣುದ್ದದವು, ಒದ್ದೆ ಕಲ್ಲಿನ ಮೇಲೆ ಒಂದರ ಮೇಲೊಂದು ಹೊರಳಾಡುತ್ತಿದ್ದವು. ನಡುವೆ ತಾಯಿ ಬಳಲಿ, ಸಡಿಲವಾಗಿ ಬಿದ್ದಿತ್ತು. ಮೈ ಕಪ್ಪಾದದ್ದು, ಉಬ್ಬಿದ್ದು, ಇಲಿ ಮುಟ್ಟದಿದ್ದದ್ದು ಎಲ್ಲ ಬಸುರಿನ ಲಕ್ಷಣ.

ನಾನು ಹೇಳಿದೆ. ಬಕೂಲಿ ಒದ್ದೆ ನೆಲದಲ್ಲೇ ಕೂತಳು.

"ಎಷ್ಟಿವೆ, ಎಣಿಸು."

"ಹನ್ನೊಂದು."

"ಸರಿಯಾಗಿ ಎಣಿಸು."

"ಹನ್ನೊಂದೇ ಅಕ್ಕ."

ಅವಳು ಕೈ ಚಾಚಿದಳು. ಒಂದು ಮರಿ ಅವಳ ಬೆರಳಿಗೆ ಸುತ್ತಿಕೊಂಡಿತು. "ಒಂದು ಹುಳಾನೂ ಬರಲಿಲ್ಲ ಅಂದಿದ್ದೆ ನಾನು" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. "ರೈನಿಮಾರು ಅಜ್ಜ ಬಾಣಂತಿಯಂತೆ" ಎಂದು ಹೆಂಗಸರು ಬಾವಿಯ ಹತ್ತಿರ ಬಿದ್ದು ಬಿದ್ದು ನಕ್ಕರು. ರಮಾಸಿಗೆ ಮಾತ್ರ ನಗು ಬರಲಿಲ್ಲ, ಮೂರು ತಿಂಗಳು ಸಾಕ್ಷಿ ಹೇಳಿದವನು ಅವನೇ ತಾನೆ. ಸಂಜೆಗೆ ಮುಂಚೆ ರೈನಿಮಾರುವಿನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ. ಎಂದಿನಂತೆ ಶುರು ಮಾಡಿದ: ನಾನು ಚಿಕ್ಕವನು, ತಪ್ಪು ನನ್ನ ಮೇಲಿನಿಂದ ಹೋಗಲಿ, ನಿಮ್ಮ ಮೇಲಿನಿಂದ ಹೋಗಲಿ. ನಡುವೆಯೇ ಬಕೂಲಿ ಎದ್ದು ನಿಂತಳು.

"ರಮಾಸಿ, ನನ್ನ ಮೇಲಿರೋ ತಪ್ಪನ್ನ ತೆಗೀಬೇಡ. ಅಲ್ಲೇ ಇರಲಿ."

ಹಾಗೆ ಯಾರಾದರೂ ಹೇಳಿದ್ದನ್ನು ಆ ಅಂಗಳ ಕೇಳಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಒಂಬತ್ತು ವರ್ಷದ ದಾರ, ಬುಟ್ಟಿಯ ಬಟ್ಟೆ, ಆಣೆ, ಸುಮ್ಮನೆ ಕಳೆದ ಚಳಿಗಾಲಗಳು, ನುಂಗಿದ ಹೆಸರು, ಎರಡು ಸಲ ಕೂಗಿದ ಹೆಸರು. "ಅವಳು ತನ್ನ ಬಟ್ಟೆ ಕೇಳೋಕೆ ಬಂದಳು. ನಾನು ಅವಳನ್ನ ಅಪ್ಪ ಅಂದೆ" ಎಂದಳು. ಆಮೇಲೆ ಒಂದು ಸಲ ನನ್ನ ಕಡೆ ನೋಡಿದಳು. ನಾನು ನನ್ನ ಕಾಲ್ಬೆರಳು ನೋಡುತ್ತಿದ್ದೆ. "ಬಟ್ಟೆ ತೆಗೆದದ್ದು ನಾನು. ಯಾರೂ ಹೇಳಿಕೊಡಲಿಲ್ಲ" ಎಂದು ಮುಗಿಸಿದಳು.

ಆಗ ಬಾಯಿಲ್ಲದ ಸುಲುಫು ಬಾಯಿ ಬಿಟ್ಟ.

"ನಂಗೂ ಕೇಳಿಸಿತ್ತು ಅಕ್ಕ. ಅವಳ ಹೆಸರಿಗೇ ತಲೆ ಎತ್ತಿದ್ದು. ನಾನು ಅವಳ ಗಂಡ, ನಾನೂ ಸುಮ್ಮನಿದ್ದೆ."

"ನಂಗೂ ಹಂಗೇ ಅನ್ನಿಸಿತ್ತು" ಎಂದಳು ಹಿಂದೆ ನಿಂತಿದ್ದ ಒಬ್ಬಳು. ಇನ್ನೊಬ್ಬ ತಲೆ ಆಡಿಸಿದ. ಊರಿನ ಅರ್ಧಕ್ಕೆ ಕೇಳಿಸಿತ್ತು, ಅಷ್ಟೂ ಜನ ಹೋರಿ ಉಂಡು ಕೈ ತೊಳೆದಿದ್ದೆವು. ನಾನು ಆಗಲೂ ನನಗೆ ಕೇಳಿಸಿತ್ತು ಎಂದಷ್ಟೇ ಹೇಳಿದೆ. ಹೇಳಬೇಕಾದದ್ದು ಅದಲ್ಲ.

ಹಾವು, ಮರಿಗಳು ಎರಡು ವಾರದಲ್ಲಿ ಕಾಡಿಗೆ ಹೋದವು. ಚಳಿಗಾಲದಲ್ಲಿ ಗೋರಿ ತೆರೆದೆವು. ಸಾಹುಲಿಯನ್ನು ಮಣ್ಣಿನಿಂದ ಎತ್ತಿ ತಂದಾಗ ಹತ್ತಿಬಟ್ಟೆ ಪುಡಿಪುಡಿಯಾಗಿತ್ತು. ಬಕೂಲಿ ಒಳಗೆ ಹೋಗಿ ಅಪ್ಪನನ್ನು ಮುಟ್ಟಿದಳು. ಆಗ ಅವಳ ಕಣ್ಣು ಮುಕ್ಕಾಲು ಹೋಗಿತ್ತು. ಬೆರಳುಗಳು ರೇಷ್ಮೆಯ ಮೇಲೆ ಸರಿಯುತ್ತಾ ಒಂದೊಂದು ಕಡೆ ನಿಲ್ಲುತ್ತಿದ್ದವು. "ಇಲ್ಲೊಂದು ಜೋಡಿ ಗಂಟು. ಇಲ್ಲಿ ಇನ್ನೊಂದು. ಒಂದೂ ಬಿಚ್ಚಿಲ್ಲ ನೋಡೇ ಕೆತಕ" ಎಂದಳು. ಸತ್ತವರಿಗೆ ಒಮ್ಮೆ ಸುತ್ತಿದ್ದನ್ನು ಬಿಡಿಸಿ ಇನ್ನೊಬ್ಬರಿಗೆ ಕೊಡುವಂತಿರಲಿಲ್ಲ. ಹೊರಗೆ ಬಂದು ತನ್ನ ಬುಟ್ಟಿ ತರಿಸಿದಳು. ತನ್ನ ಬಟ್ಟೆಯನ್ನೇ ಸಾಹುಲಿಗೆ ಸುತ್ತಿದಳು, ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಸಾಹುಲಿ ರೈನಿಮಾರುವಿನ ಪಕ್ಕದಲ್ಲಿ, ಎಲ್ಲರ ಜೊತೆ ಮಲಗಿದಳು.

ಬಕೂಲಿ ಮತ್ತೆ ಮಗ್ಗದ ಮುಂದೆ ಕೂರಲಿಲ್ಲ. ಕೂತರೂ ಕಾಣುತ್ತಿರಲಿಲ್ಲ. ಎರಡು ವರ್ಷ ಚಪ್ಪರದ ಆ ಮೂಲೆಯಲ್ಲಿ ಕೂತು ನನ್ನ ಪಟ್ಟಿಯ ಅಂಚನ್ನು ಬೆರಳಿನಿಂದ ತಡವಿ ಬೈಯುತ್ತಿದ್ದಳು. "ನಿಂಗೆ ನಾನು ನೇಯ್ತೀನಿ ಅಕ್ಕ" ಎಂದು ನಾನು ಒಂದು ದಿನ ಅಂದೆ.

"ಈ ಅಂಚು ಸುತ್ಕೊಂಡು ಹೋದರೆ ಅಲ್ಲಿರೋರು ನಗ್ತಾರೆ" ಎಂದಳು. ಅಂಚನ್ನು ಕೈಬಿಟ್ಟು ಹೇಳಿದಳು: "ನಂಗೆ ಹತ್ತಿಬಟ್ಟೆ ಸಾಕು. ಅವಳಿದ್ದ ಗುಂಡಿಯಲ್ಲೇ ಇಡಿ. ಅವಳು ಏಳು ವರ್ಷ ಇದ್ದಳು, ನಾನೂ ಏಳು ವರ್ಷ ಇರ್ತೀನಿ. ಆಮೇಲೆ ನೀನುಂಟು, ನಿನ್ನ ಅಂಚುಂಟು."

ಹಾಗೇ ಮಾಡಿದೆವು. ಊರಿನವರು ಬೇಡವೆಂದರು, ಸುಲುಫು ಅತ್ತ, ಆದರೂ ಹಾಗೇ ಮಾಡಿದೆವು. ಈಗ ಐದು ವರ್ಷವಾಯಿತು. ಬಟ್ಟೆ ಮುಗಿದಿದೆ. ಮೂರು ಪಟ್ಟಿಯೂ ನನ್ನದೇ, ಮೂರು ಸಲ ಬಿಚ್ಚಿ ನೇಯ್ದಿದ್ದೇನೆ. ದಾರ ಹರಿದಲ್ಲೆಲ್ಲ ಎರಡು ಗಂಟು ಹಾಕಿದ್ದೇನೆ. ನನ್ನ ಕಣ್ಣಿಗೂ ಪೊರೆ ಶುರುವಾಗಿದೆ, ಇನ್ನೆರಡು ಚಳಿಗಾಲ ತಡೆದರೆ ಸಾಕು. ಕಾಡಿನ ಕಡೆಯಿಂದ ಹಾವು ಬಂದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಹೆಸರು ಕೂಗುವ ಧೈರ್ಯ ನನಗಿಲ್ಲ.

ಗೋರಿ ತೆರೆಯುವ ದಿನ ಬಕೂಲಿಗೆ ಬಟ್ಟೆ ಸುತ್ತುವ ಮೊದಲು ಎಲ್ಲರ ಮುಂದೆ ನಾನೊಂದು ಮಾತು ಹೇಳಬೇಕಾಗಿದೆ. ಇಷ್ಟುದ್ದ ಅವಳ ಕತೆ ಹೇಳಿದ್ದು ಆ ಮಾತಿನ ಅಭ್ಯಾಸಕ್ಕೆ. ಮೊದಲು ಬಿಟ್ಟಿದ್ದ ಕ್ಷಮೆಯ ಭಾಗ ಇದೇ. ಅಂದು ಚಪ್ಪರದಲ್ಲಿ, ಮನೆಯೊಳಗೆ ಎರಡು ಹೆಣ ಇದ್ದಾಗ, ಸಿದ್ಧವಾಗಿರೋದು ಒಂದಿದೆಯಲ್ಲ ಎಂದು ಯಾರೋ ಅಂದರು ಎಂದೆನಲ್ಲ, ಆ ಯಾರೋ ನಾನು. ಚಪ್ಪರದಲ್ಲಿ ನಾವಿಬ್ಬರೇ ಇದ್ದೆವು. ಅದು ಬಕೂಲಿಗೆ ಸಾಯುವವರೆಗೂ ನೆನಪಿತ್ತು, ನನಗೆ ಗೊತ್ತು.